ಗೌರಿ ಕೊಟ್ಟ ಸರ್ಟಿಫಿಕೇಟ್

ಕಳೆದ ವಾರ ಈ ಅಂಕಣ ಬರಲಿಲ್ಲ. ಏಕೆ ಬರಲಿಲ್ಲವೆಂದು ಕೆಲವು ಓದುಗರು ಫೋನ್ ಮಾಡಿ ವಿಚಾರಿಸಿದರು. (ಬಾರದೆ ಇದ್ದುದನ್ನು ಗಮನಿಸಿದರಲ್ಲ, ಅದೇ ಸಮಾಧಾನ. ಬಂದಾಗ ಗಮನಿಸುತ್ತಾರೆ ಎಂಬುದಕ್ಕೆ ನನ್ನಲ್ಲಿ ಯಾವ ಪುರಾವೆಯೂ ಇಲ್ಲ.) ಅವರಿಗೆಲ್ಲ "ಆರೋಗ್ಯ ಸರಿ ಇರಲಿಲ್ಲ" ಎಂದಷ್ಟೇ ಹೇಳಿದೆ. ಪೂರ್ತಿ ಸತ್ಯ ಬೇರೆ. ಒಂದು ಹಸುವಿನ ಶಿಫಾರಸನ್ನು ನಂಬಿ ನಾನು ಹಾಸನದ ಆಸ್ಪತ್ರೆಯೊಂದರಲ್ಲಿ ಮಲಗಿದ್ದೆ.

ಹಸುವಿನ ಹೆಸರು ಗೌರಿ. ಹೊಳೆನರಸೀಪುರದ ನಮ್ಮ ಮನೆಯ ಹಿತ್ತಿಲಲ್ಲಿ ಇದ್ದಾಳೆ. ಅವಳದೇನೂ ತಪ್ಪಿಲ್ಲ. ಅವಳು ತನ್ನ ಹೊಟ್ಟೆಯ ಮಟ್ಟಿಗೆ ತನ್ನ ಅಭಿಪ್ರಾಯ ಹೇಳಿದಳು. ಅದನ್ನು ನನ್ನ ಹೊಟ್ಟೆಗೆ ಅನ್ವಯಿಸಿದವನು ನಾನು. ಆಯುಷ್ಯದ ಬಹುಪಾಲನ್ನು ಮಕ್ಕಳಿಗೆ ಸಂಸ್ಕೃತವನ್ನೂ ತರ್ಕವನ್ನೂ ಪಾಠ ಹೇಳುತ್ತ ಕಳೆದ ನಾನು!

ನಡೆದದ್ದು ಹೀಗೆ.

ರಕ್ತದೊತ್ತಡಕ್ಕೆ ಒಳ್ಳೆಯದೆಂದು ನಾನು ಬೆಳಗ್ಗೆ ಸೋರೆಕಾಯಿ ರಸ ಕುಡಿಯುತ್ತಿದ್ದೆ. ಒಳ್ಳೆಯದೆಂದು ಹೇಳಿದವರು ಯಾರು? ವಾಟ್ಸ್ಯಾಪ್. "ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಸಾಬೀತಾಗಿದೆ" ಎಂದು ಅದರಲ್ಲಿ ಬರೆದಿತ್ತು. ಇಂಥ ಸಾಲು ಕಂಡರೆ ನನಗೆ ಋಷಿವಾಕ್ಯ ಕಂಡಷ್ಟೇ ಭಕ್ತಿ. ಇಲಿಗೆ ಹಿತವಾದದ್ದನ್ನೆಲ್ಲ ನಾನು ತಪ್ಪದೆ ನಮ್ಮ ಭಜನಾ ಮಂಡಲಿಯ ಗ್ರೂಪಿಗೆ ಕಳಿಸುತ್ತೇನೆ. ಆ ಗ್ರೂಪಿನಲ್ಲಿ ಇಲಿಗಳು ಯಾರೂ ಇಲ್ಲ ಎಂಬ ಸಂಗತಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಅಂದಿನ ಸೋರೆಕಾಯಿಯನ್ನು ತಂದವನು ಮಂಜೇಗೌಡ. ನನ್ನ ಹಳೆಯ ಶಿಷ್ಯ. ಅರಕಲಗೂಡಿನ ಹತ್ತಿರ ಶುಂಠಿ, ಹೊಗೆಸೊಪ್ಪು ಬೆಳೆಯುತ್ತಾನೆ. ಈ ಕಡೆ ಬಂದಾಗ ಬರಿಗೈಯಲ್ಲಿ ಬರುವವನಲ್ಲ.

"ತಿಪ್ಪೆ ಮ್ಯಾಲೆ ತಾನೇ ಉಟ್ಟಿದ್ ಬಳ್ಳಿ ಸಾ. ಗೊಬ್ರ ಇಲ್ಲ, ಒಂದ್ ಅನಿ ಔಸ್ದಿ ಒಡ್ದಿಲ್ಲ. ಪಕ್ಕಾ ಆರ್ಗ್ಯಾನಿಕ್ಕು" ಎಂದು ಕಾಯಿಯನ್ನು ಜಗಲಿಯ ಮೇಲಿಟ್ಟ.

ಅವನ ಹೊಗೆಸೊಪ್ಪಿನ ವಿಷಯದಲ್ಲಿ ನಮ್ಮಿಬ್ಬರಿಗೂ ಹಳೆಯ ವ್ಯಾಜ್ಯ. ಕಾಫಿ ಬರುವಷ್ಟರಲ್ಲಿ ನಾನು ಉಪದೇಶ ಆರಂಭಿಸಿದೆ. "ನೋಡಪ್ಪ ಮಂಜೇಗೌಡ, ಆ ಸೊಪ್ಪನ್ನು ಹಸು ಮುಟ್ಟುವುದಿಲ್ಲ. ಕತ್ತೆ ಕೂಡ ಮೂಸಿ ಮುಂದೆ ಹೋಗುತ್ತದೆ. ಪಶುಗಳೇ ಬೇಡವೆಂದದ್ದನ್ನು ಮನುಷ್ಯ ಸೇದಬಹುದೇ?"

"ಅಂಗಾರೆ ಹುಳ ತಿಂತವಲ್ಲ ಸಾ!" ಎಂದ ಅವನು. "ಎಲೆ ಮ್ಯಾಲೇ ಸಂಸಾರ ಊಡ್ಕಂಡು ತಿಂದೂ ತಿಂದೂ ಎಬ್ಬೆಟ್ ಗಾತ್ರ ಆಗ್ಬುಟ್ಟವೆ. ಒಂದ್ಕೂ ಕೆಮ್ಮಿಲ್ಲ, ದಮ್ಮಿಲ್ಲ. ನಾನ್ ಕತ್ತೆ ಮಾತ್ ಕೇಳ್ಳಾ, ಹುಳಿನ್ ಮಾತ್ ಕೇಳ್ಳಾ? ನೀವೇ ಏಳಿ ಸಾ."

ನಾನು ನಶ್ಯದ ಡಬ್ಬಿಯನ್ನು ಮೆಲ್ಲನೆ ಸೊಂಟದ ಮಡಿಕೆಗೆ ಸೇರಿಸಿ ಮಳೆಯ ವಿಷಯ ತೆಗೆದೆ. (ಕತ್ತೆ ನಶ್ಯವನ್ನೂ ಏರಿಸುವುದಿಲ್ಲ ಎಂಬುದು ನನಗೆ ಗೊತ್ತಿದೆ.)

ಮರುದಿನ ಬೆಳಗ್ಗೆ ಆ ಕಾಯಿಯ ಸರದಿ ಬಂತು. ದೇವರಿಗೆ ತೋರಿಸದೆ ಏನನ್ನೂ ಬಾಯಿಗಿಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಸೋರೆಕಾಯಿ ರಸವೂ ಮೊದಲು ನರಸಿಂಹನಿಗೆ, ಅನಂತರ ನನಗೆ. (ಸೋರೆಕಾಯಿ ನೈವೇದ್ಯಕ್ಕೆ ಬರುವುದೇ ಇಲ್ಲ ಎಂದು ವಾದಿಸುವ ಹಿರಿಯರಿದ್ದಾರೆ. ಅವರ ಮಾತನ್ನು ಕೇಳಿದ್ದರೆ ಈ ವಾರ ಬರೆಯಲು ವಿಷಯವೇ ಇರುತ್ತಿರಲಿಲ್ಲ.) ನೈವೇದ್ಯಕ್ಕಿಡುವ ಪದಾರ್ಥವನ್ನು ಮುಂಚೆ ರುಚಿ ನೋಡುವಂತಿಲ್ಲ. ಬೇರೆ ಮನೆಗಳಲ್ಲಿ ಹೆಂಗಸರು ಸೋರೆಕಾಯಿ ಹೆಚ್ಚುವಾಗ ತೊಟ್ಟಿನ ಕಡೆಯ ಚೂರೊಂದನ್ನು ನಾಲಿಗೆಗೆ ತಾಗಿಸಿ ಕಹಿಯಿದೆಯೇ ಎಂದು ನೋಡುತ್ತಾರೆ. ನಮ್ಮಲ್ಲಿ ಆ ಚೂರು ಸಿಪ್ಪೆಯ ಸಮೇತ ಗೌರಿಗೆ.

ಈ ಏರ್ಪಾಟು ನನ್ನದೇ. ಹಿಂದಿನ ಕಾಲದ ಅರಸರು ಊಟಕ್ಕೆ ಮೊದಲು ಒಂದು ತುತ್ತನ್ನು ಪಕ್ಷಿಗಳಿಗೆ ಹಾಕಿಸಿ ವಿಷಪರೀಕ್ಷೆ ಮಾಡಿಸುತ್ತಿದ್ದರಂತೆ. ನಾನೇನು ಕಡಿಮೆ? ಗೋಗ್ರಾಸವೂ ಆಯಿತು, ಪರೀಕ್ಷೆಯೂ ಆಯಿತು. ಪುಣ್ಯ ಮತ್ತು ಲ್ಯಾಬ್ ರಿಪೋರ್ಟ್ ಎರಡೂ ಒಂದೇ ತುತ್ತಿನಲ್ಲಿ!

ಗೌರಿ ತಿಂದಳು. ತಿಂದು ನನ್ನ ಅಂಗೈಯನ್ನೂ ನೆಕ್ಕಿದಳು. ಸರ್ಟಿಫಿಕೇಟಿಗೆ ಸೀಲು ಬಿತ್ತು.

ಗಂಟೆ ಬಾರಿಸಿ, ನೈವೇದ್ಯ ಮಾಡಿ, ಮಂಗಳಾರತಿ ಎತ್ತಿ, ರಸವನ್ನು ಎರಡು ಲೋಟಕ್ಕೆ ಬಗ್ಗಿಸಿದೆ. ನನಗೊಂದು, ಪತ್ನಿ ಶಾರದೆಗೊಂದು. ಮೊದಲ ಗುಟುಕಿಗೇ ನಾಲಿಗೆ ಮುದುಡಿಕೊಂಡಿತು. ಹಾಗಲಕಾಯಿ ಅದರ ಮುಂದೆ ಬೆಲ್ಲದಚ್ಚು.

ಶಾರದೆ ತುಟಿಗೆ ತಾಗಿಸಿದವಳೇ ಲೋಟ ಕೆಳಗಿಟ್ಟಳು. "ಇದು ಸಾಮಾನ್ಯ ಕಹಿ ಅಲ್ಲ ರೀ. ವಿಷ ಇದ್ದ ಹಾಗಿದೆ. ಚೆಲ್ಲಿಬಿಡೋಣ."

"ಪ್ರಸಾದ ಕಣೇ!"

"ಪ್ರಸಾದ ಆದ್ರೆ ಕಹಿ ಹೋಗಿಬಿಡತ್ತಾ?"

"ದೇವರು ಏನೂ ಅನ್ನಲಿಲ್ಲ, ಹಸು ಏನೂ ಅನ್ನಲಿಲ್ಲ. ನಿನ್ನದೊಂದು ತಕರಾರು! ಗೌರಿ ಚಪ್ಪರಿಸಿಕೊಂಡು ತಿಂದಿದ್ದಾಳೆ. ಔಷಧ ಅಂದಮೇಲೆ ಕಹಿ ಇರುವುದೇ. ಕುಡಿ."

"ಆಯ್ತು" ಎಂದು ಲೋಟ ಹಿಡಿದು ಹಿತ್ತಿಲ ಕಡೆಗೆ ನಡೆದಳು. ನಾನು ಕಣ್ಣು ಮುಚ್ಚಿ, ಹಾಲಾಹಲ ಕುಡಿದ ಪರಮೇಶ್ವರನನ್ನು ನೆನೆದು, ನನ್ನ ಪಾಲನ್ನು ಮುಗಿಸಿದೆ. ಪ್ರಸಾದದ ಒಂದು ಹನಿಯೂ ವ್ಯರ್ಥವಾಗಬಾರದೆಂದು ಲೋಟ ತೊಳೆದ ನೀರನ್ನೂ ಕುಡಿದೆ. ಪರಮೇಶ್ವರನು ವಿಷವನ್ನು ಕಂಠದಲ್ಲೇ ನಿಲ್ಲಿಸಿಕೊಂಡ. ನನ್ನ ಕಂಠಕ್ಕೆ ಆ ಸೌಕರ್ಯ ಇರಲಿಲ್ಲ.

ಪೇಪರಿನ ಮೊದಲ ಪುಟ ಓದಿ ಮುಗಿಸುವ ಮುನ್ನವೇ ಹೊಟ್ಟೆಯಲ್ಲಿ ಯಾರೋ ಬಟ್ಟೆ ಹಿಂಡಿದ ಹಾಗಾಯಿತು. ಅನಂತರದ ವಿವರಗಳನ್ನು ಸಭ್ಯತೆಯ ದೃಷ್ಟಿಯಿಂದ ಬಿಡುತ್ತೇನೆ. ಬಚ್ಚಲಿನಲ್ಲಿ ವಾಂತಿಯ ಜೊತೆಗೆ ಕೆಂಪು ಕಂಡಾಗ ಶಾರದೆ ಕೂಗಿದ ಕೂಗಿಗೆ ಎದುರು ಮನೆಯವರು ಕಾರು ತೆಗೆದರು.

ಹಾಸನದ ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ನನ್ನ ಕಣ್ಣನ್ನು ಮಾತ್ರ ನೋಡುತ್ತಿರಲಿಲ್ಲ. ಸರಿ, ಇವಳಿಗೂ ಆರಂಭವಾಗಿದೆ, ನನಗೆ ಹೆದರಿಕೆಯಾದೀತೆಂದು ಹೇಳುತ್ತಿಲ್ಲ ಎಂದುಕೊಂಡೆ. ಬೇಡವೆಂದವಳ ಕೈಗೆ ಲೋಟ ಕೊಟ್ಟು ಕುಡಿ ಎಂದವನು ನಾನೇ ಅಲ್ಲವೇ? ನರಸಿಂಹಾ, ನನ್ನ ಮೌಢ್ಯಕ್ಕೆ ನನ್ನೊಬ್ಬನನ್ನೇ ದಂಡಿಸು, ಅವಳನ್ನು ಬಿಟ್ಟುಬಿಡು ಎಂದು ಬೇಡಿಕೊಂಡೆ. ಬಹಳ ಕಾಲದ ಮೇಲೆ ನನ್ನ ಪ್ರಾರ್ಥನೆಯಲ್ಲಿ ಒಂದು ಶ್ಲೋಕವೂ ಇರಲಿಲ್ಲ.

ಆಸ್ಪತ್ರೆಯಲ್ಲಿದ್ದವರು ಹರೆಯದ ಡಾಕ್ಟರು. ನನ್ನ ನಾಡಿ, ಬಿ.ಪಿ. ನೋಡಿ, ಏನು ಕುಡಿದಿರಿ ಎಂದು ವಿಚಾರಿಸಿ, ಡ್ರಿಪ್ ಏರಿಸಿದರು. (ರಕ್ತದೊತ್ತಡ ಇಳಿದಿತ್ತು. ವಾಟ್ಸ್ಯಾಪ್ ಸುಳ್ಳು ಹೇಳಿರಲಿಲ್ಲ! ಇನ್ನೂ ಸ್ವಲ್ಪ ಇಳಿದಿದ್ದರೆ ಆ ತೊಂದರೆಯೇ ಶಾಶ್ವತವಾಗಿ ನೀಗುತ್ತಿತ್ತು.) ಆಮೇಲೆ ಕೇಳಿದರು: "ಮನೇಲಿ ಬೇರೆ ಯಾರಾದ್ರೂ ಇದನ್ನ ಕುಡಿದ್ರಾ?"

"ಇವಳು" ಎಂದು ತೋರಿಸಿದೆ. "ನಾನೇ ಬಲವಂತ ಮಾಡಿ ಕುಡಿಸಿದೆ. ನನ್ನನ್ನು ಬಿಡಿ, ಮೊದಲು ಇವಳನ್ನು ನೋಡಿ."

ನರ್ಸಮ್ಮ ಶಾರದೆಯ ಕೈ ಹಿಡಿದು ಪಕ್ಕದ ಹಾಸಿಗೆಗೆ ಕರೆದೊಯ್ದರು. "ಬನ್ರಮ್ಮಾ, ಮಲೀಕಳಿ. ಕೈ ಚಾಚಿ."

"ಬೇಡ ತಾಯಿ, ನಂಗೇನೂ ಆಗಿಲ್ಲ."

"ಆಗೋಕ್ ಮುಂಚೇನೇ ಆಕ್ಬೇಕು ಕಣಮ್ಮ. ಯಜಮಾನ್ರು ಎಂಗಾಗವ್ರೆ ನೋಡಿದ್ರಲ್ಲ? ಸೂಜಿ ಅಂದ್ರೆ ಭಯವಾ?"

"ಭಯ ಅಲ್ಲ... ನಾನು ಕುಡೀಲಿಲ್ಲ."

ಡಾಕ್ಟರು ತಿರುಗಿ ನೋಡಿದರು. ನಾನೂ ತಿರುಗಲು ಯತ್ನಿಸಿದೆ.

"ಮತ್ತೆ ರಸ ಏನಾಯ್ತು?" ಎಂದರು ಡಾಕ್ಟರು.

"ಹಸುವಿನ ಕಲಗಚ್ಚಿನ ಬಾನಿಗೆ ಸುರಿದೆ."

"ಪ್ರಸಾದವನ್ನ... ಬಾನಿಗಾ?" ಎಂದೆ, ಉಳಿದಿದ್ದ ಉಸಿರಿನಲ್ಲಿ.

"ಗೋಗ್ರಾಸ ಅಂದ್ಕೊಳ್ಳಿ" ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. "ನಿಮ್ಮ ಕೈಯಿಂದಲೂ ಕಿತ್ಕೊಂಡು ಸುರೀಬೇಕಿತ್ತು. ನಂಗೆ ಧೈರ್ಯ ಆಗ್ಲಿಲ್ಲ."

ಕಾರಿನಲ್ಲಿ ಅವಳು ನನ್ನ ಕಣ್ಣು ತಪ್ಪಿಸಿದ್ದು ಏಕೆಂದು ಆಗ ತಿಳಿಯಿತು. ತನ್ನ ಮಾತನ್ನು ಮೀರಿದ ಹೆಂಡತಿಯನ್ನು ಕಂಡು ಇಷ್ಟು ಸಂತೋಷಪಟ್ಟ ಗಂಡ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದಾನೆಯೇ? ನರ್ಸಮ್ಮನಂತೂ ಸೂಜಿಯನ್ನು ಕೆಳಗಿಟ್ಟು ನಗುವುದಕ್ಕಾಗಿಯೇ ಹೊರಗೆ ಹೋದರು.

ಆದರೆ ಆ ಸಂತೋಷದ ಬೆನ್ನಿಗೇ ಇನ್ನೊಂದು ದಿಗಿಲು. ಬಾನಿಯನ್ನು ಗೌರಿ ಖಾಲಿ ಮಾಡಿರುತ್ತಾಳೆ! ಅವಳಿಗೇನಾದರೂ ಆದರೆ ಗೋಹತ್ಯೆ ಯಾರ ತಲೆಗೆ? ಚನ್ನರಾಯಪಟ್ಟಣದಲ್ಲಿ ಪಶುವೈದ್ಯೆಯಾಗಿರುವ ನನ್ನ ತಮ್ಮನ ಮಗಳು ಸುಮಳಿಗೆ ಫೋನ್ ಹೋಯಿತು. ಅವಳು ಮೊದಲು ಹಸುವನ್ನು ನೋಡಿಕೊಂಡು, ಅನಂತರ ನನ್ನ ಬಳಿಗೆ ಬಂದಳು. ವೃತ್ತಿಧರ್ಮ.

"ದೊಡ್ಡಪ್ಪಾ, ಗೌರಿ ಆರಾಮಾಗಿ ಮೆಲುಕು ಹಾಕ್ತಿದ್ದಾಳೆ. ನೀವೆಲ್ಲಿ ಅಂತ ಕೇಳಿದ್ಲು."

"ಅದೇ ಕಾಯಿ, ಅದೇ ರಸ. ಅವಳಿಗೇಕೆ ಏನೂ ಆಗಲಿಲ್ಲ?"

"ಅವಳ ತೂಕ ಎಷ್ಟು, ನಿಮ್ಮ ತೂಕ ಎಷ್ಟು? ಒಂದು ಲೋಟ ರಸ ಅವಳ ಬಾನೀಲಿ ಯಾವ ಮೂಲೆಗೆ? ಅದೂ ಅಲ್ದೆ ನಿಮ್ಮದು ಒಂದೇ ಕೋಣೆ ಹೊಟ್ಟೆ, ಅವಳದ್ದು ನಾಲ್ಕು ಕೋಣೆ. ಮೊದಲನೇ ಕೋಣೇಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಕಾಯ್ತಾ ಕೂತಿರ್ತವೆ. ಒಳಗೆ ಬಂದ ಎಷ್ಟೋ ವಿಷಾನ ರಕ್ತಕ್ಕೆ ಸೇರೋ ಮುಂಚೇನೇ ಒಡೆದು ಹಾಕ್ತವೆ. ಹಾಗಂತ ಅವಳಿಗೆ ವಿಷಾನೇ ಏರಲ್ಲ ಅಂತಲ್ಲ. ಕಹಿ ಕಾಯಿ ಮೂಟೆಗಟ್ಟಲೆ ತಿಂದ್ರೆ ಅವಳೂ ಮಲಗ್ತಾಳೆ."

ಆಮೇಲೆ ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು ಅವಳು ನನಗೆ ಪಾಠ ಹೇಳಿದಳು. (ಅವಳಿಗೆ ಅಕ್ಷರಾಭ್ಯಾಸ ಮಾಡಿಸಿದವನು ನಾನು.) ಮಕ್ಕಳು ಇಷ್ಟಪಟ್ಟು ತಿನ್ನುವ ಚಾಕೊಲೇಟನ್ನು ನಾಯಿಯ ದೇಹ ಬೇಗ ಕರಗಿಸಲಾರದು, ಹೆಚ್ಚಾದರೆ ಜೀವಕ್ಕೇ ಅಪಾಯ. ನಾವು ಜ್ವರಕ್ಕೆ ನುಂಗುವ ಮಾತ್ರೆ ಬೆಕ್ಕಿಗೆ ವಿಷ, ಅದನ್ನು ಒಡೆಯುವ ಸಾಧನ ಬೆಕ್ಕಿನ ಲಿವರಿನಲ್ಲಿ ಸಾಲದು. ಮನುಷ್ಯನಿಗೆ ಹುಚ್ಚು ಹಿಡಿಸುವ ಉಮ್ಮತ್ತದಂಥ ಗಿಡಗಳ ವಿಷವನ್ನು ಕೆಲವು ಮೊಲಗಳು ಸಲೀಸಾಗಿ ಅರಗಿಸಿಕೊಳ್ಳುತ್ತವೆ. ಇಲಿಗೂ ಮನುಷ್ಯನಿಗೂ ಲಿವರ್ ಇದೆ ನಿಜ. ಆದರೆ ಎರಡು ಮನೆಗಳಲ್ಲಿ ಅಡುಗೆಮನೆ ಇದ್ದಮಾತ್ರಕ್ಕೆ ಒಂದೇ ಅಡುಗೆ ಆಗುತ್ತದೆಯೇ? ಒಂದು ಪ್ರಾಣಿಯ ದೇಹ ವಿಷವನ್ನು ನಿರುಪದ್ರವಿಯಾಗಿ ಮಾಡಿದರೆ, ಇನ್ನೊಂದರ ದೇಹ ನಿರುಪದ್ರವಿಯನ್ನೇ ವಿಷವಾಗಿ ಮಾಡುವುದೂ ಉಂಟಂತೆ.

"ಹಾಗಾದರೆ ಇಲಿಗಳ ಮೇಲೆ ಮಾಡುವ ಪ್ರಯೋಗವೆಲ್ಲ ಸುಳ್ಳೇ?"

"ಸುಳ್ಳಲ್ಲ ದೊಡ್ಡಪ್ಪ. ಅದು ಮೊದಲನೇ ಮಾತು, ಕೊನೇ ಮಾತಲ್ಲ. ಇಲಿ ಸತ್ರೆ ಹುಷಾರಾಗ್ತೀವಿ. ಬದುಕಿದ್ರೆ ಇನ್ನೂ ಹುಷಾರಾಗ್ತೀವಿ. ಇನ್ನೊಂದು ಪ್ರಾಣೀಲಿ ನೋಡ್ತೀವಿ, ಪ್ರಮಾಣ ಬಹಳ ಇಳಿಸ್ತೀವಿ, ಕೊನೇಗೆ ಮನುಷ್ಯರಿಗೆ ಅಂಜುತ್ತಾ ಅಂಜುತ್ತಾ ಕೊಟ್ಟು ನೋಡ್ತೀವಿ. ನೀವು ಹಸು ಆದ್ಮೇಲೆ ನೇರವಾಗಿ ಲೋಟ ಎತ್ತಿಬಿಟ್ರಿ!"

ಡ್ರಿಪ್ಪಿನ ಹನಿಗಳನ್ನು ನೋಡುತ್ತ ಮಲಗಿದಾಗ ನಾನು ಹೇಳಿದ ಪಾಠಗಳೇ ನನಗೆ ನೆನಪಾದವು. ಹೊಗೆ ಇರುವಲ್ಲಿ ಬೆಂಕಿ ಇದೆ ಎನ್ನಬೇಕಾದರೆ ಆ ಎರಡರ ನಂಟು ಎಲ್ಲೆಡೆಯೂ ತಪ್ಪದೆ ಇರಬೇಕು, ಒಂದೆಡೆ ತಪ್ಪಿದರೂ ಆ ತೀರ್ಮಾನ ನಿಲ್ಲದು ಎಂದು ಮಕ್ಕಳ ಕಿವಿ ಹಿಂಡಿ ಕಲಿಸಿದ್ದೆ. ಹಸುವಿಗೂ ನನಗೂ ಅಂಥ ನಂಟು ಇದೆಯೆಂದು ನನಗೆ ಹೇಳಿದವರು ಯಾರು? ಕತ್ತೆ ಮುಟ್ಟದ್ದು ಕೆಟ್ಟದ್ದು ಎಂದ ನಾನೂ, ಹುಳ ತಿಂದದ್ದು ಒಳ್ಳೆಯದು ಎಂದ ಮಂಜೇಗೌಡನೂ ಹತ್ತಿದ್ದು ಒಂದೇ ಬಸ್ಸು. ವ್ಯತ್ಯಾಸ ಇಷ್ಟೆ: ಅವನು ತಮಾಷೆಗೆ ಹೇಳಿದ, ನಾನು ನಂಬಿ ಕುಡಿದೆ.

(ಸುದ್ದಿ ತಿಳಿದ ಮಂಜೇಗೌಡ ಆ ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿ ಆಸ್ಪತ್ರೆಗೆ ಓಡಿ ಬಂದ. "ಔಸ್ದಿ ಒಡೀದಿದ್ರೆ ವಿಸ ಇರಾಕಿಲ್ಲ ಅನ್ಕಂಡಿದ್ದೆ ಸಾ" ಎಂದು ಅತ್ತೇಬಿಟ್ಟ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಬಳ್ಳಿ ತನಗೆ ಬೇಕಾದ ವಿಷವನ್ನು ತಾನೇ ತಯಾರಿಸಿಕೊಳ್ಳಬಲ್ಲದೆಂದು ಗುರುವಿಗೂ ಗೊತ್ತಿರಲಿಲ್ಲ, ಶಿಷ್ಯನಿಗೂ ಗೊತ್ತಿರಲಿಲ್ಲ.)

ಮನೆಗೆ ಮರಳಿದ್ದೇನೆ. ರಸ ನಿಂತಿದೆ. ಮೊನ್ನೆ ಪಲ್ಯಕ್ಕೆಂದು ಸಂತೆಯಿಂದ ಸೋರೆಕಾಯಿ ಬಂತು. ಶಾರದೆ ತೊಟ್ಟಿನ ಕಡೆಯಿಂದ ಒಂದು ಚೂರು ಕತ್ತರಿಸಿದಳು. ನಾನು ಅಭ್ಯಾಸಬಲದಿಂದ ಗೌರಿಗೆ ಕೊಡಲೆಂದು ಕೈ ಚಾಚಿದೆ. ಅವಳು ಚೂರನ್ನು ನನ್ನ ಬಾಯಿಯ ಮುಂದೆ ಹಿಡಿದಳು.

"ಏನೇ ಇದು, ನೈವೇದ್ಯಕ್ಕೆ ಮೊದಲೇ?"

"ದೇವರ ಮುಂದೆ ಇಟ್ಟ ಮೇಲೆ ನೈವೇದ್ಯ. ಈಗಿನ್ನೂ ತರಕಾರಿ. ಕಚ್ಚಿ ರುಚಿ ನೋಡಿ ಕೊಟ್ಟ ಹಣ್ಣನ್ನೇ ದೇವರು ತಿಂದಿದ್ದಾನೆ, ನಿಮ್ಮದೇನು ಹೆಚ್ಚಿನ ಮಡಿ? ಬಾಯಿ ತೆಗೀರಿ. ನಾಲಿಗೆಗೆ ತಾಗಿಸಿ ಉಗೀಬೇಕು, ನುಂಗಬಾರದು."

ಬಾಯಿ ತೆರೆದೆ. ಅಂದು ನಾನು ಗೌರಿಯ ಮುಖವನ್ನು ನೋಡುತ್ತ ನಿಂತಿದ್ದಂತೆಯೇ ಅವಳು ನನ್ನ ಮುಖವನ್ನು ನೋಡುತ್ತ ನಿಂತಳು.

"ಕಹಿ ಇಲ್ಲ" ಎಂದೆ. ಸುಮ್ಮನಿರಲಾರದೆ, ಈ ಪ್ರಾಣಿಯ ಮೇಲೆ ಮಾಡಿದ ಪ್ರಯೋಗ ಮನುಷ್ಯರಿಗೆ ಅನ್ವಯಿಸುತ್ತದೆಯೇ ಎಂದೂ ಕೇಳಿದೆ.

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, "ಸುಮಾರಾಗಿ" ಎಂದಳು.