ಗ್ವಾಡಿ ಮಲಗೂದಿಲ್ಲರಿ ಅಕ್ಕಾರ

ಅವರ ಬಲಗೈಯ ಹಿಂಬದಿಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಕೂದಲಿಲ್ಲದ ಬಿಳಿ ಕಲೆಯೊಂದಿತ್ತು. ಬೆಂಕಿ ಸುಟ್ಟದ್ದಲ್ಲ. ಹಿಂದೊಮ್ಮೆ ಫ್ರಿಜ್ಜಿನ ಗ್ಯಾಸು ಸೋರಿ ಸುಟ್ಟದ್ದು. "ಥಂಡೀನೂ ಸುಡತೈತ್ರಿ ಅಕ್ಕಾರ, ಜನ ನಂಬೂದಿಲ್ಲ" ಎನ್ನುತ್ತಿದ್ದರು.

ಬೈಲಹೊಂಗಲದಲ್ಲಿ ಎಲ್ಲರಿಗೂ ಅವರು ಫ್ರಿಜ್ ಚಾಚಾ. ಕೂಲರು, ಎಸಿ, ಗೀಜರು, ಯಾವುದು ಕೆಟ್ಟರೂ ಅವರೇ ಬೇಕು. ಕರೆದ ದಿನ ಬಂದವರಲ್ಲ. ಬಂದ ದಿನ ಮಾತ್ರ ಅವಸರವಿಲ್ಲ. ಚಹಾವನ್ನು ಬಸಿಗೆ ಸುರಿದು ಕುಡಿದು, ಬಾಯಿ ಒರೆಸಿಕೊಂಡು, "ಈಗ ಹೇಳ್ರಿ, ಇದಕ್ಕೇನ ಬ್ಯಾನಿ?" ಎಂದು ಕೇಳುತ್ತಿದ್ದರು, ಯಂತ್ರಗಳಿಗೂ ನಾಡಿ ಇದ್ದ ಹಾಗೆ.

ನಮ್ಮವ್ವನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ ಅವರು ನಮಗೆ ಹತ್ತಿರದವರಾದರು. ಅವ್ವನಿಗೆ ಮಾತು ಹೋಗಿತ್ತು. ಸೆಕೆಯಾದರೂ ಚಳಿಯಾದರೂ ಹೇಳಲು ಬಾಯಿಲ್ಲ. ಆಕೆ ಮಲಗಿದ ಖೋಲಿಯ ಶಾಖ ಒಂದೇ ಹದದಲ್ಲಿರಬೇಕೆಂದು ಡಾಕ್ಟರು ಹೇಳಿದ್ದರು. ನಾನು ಹೈಸ್ಕೂಲ್ ಟೀಚರು, ಹಗಲೆಲ್ಲ ಶಾಲೆಯಲ್ಲಿ. ನೋಡಿಕೊಳ್ಳಲು ಹೂಲಿಯಿಂದ ಬಂದ ಚಿಗವ್ವನಿಗೆ ಎಸಿಯ ರಿಮೋಟೆಂದರೆ ಚೇಳು ಕಂಡಷ್ಟು ಭಯ. ಹಾಗಾಗಿ ಎಸಿಯನ್ನು ತಾನೇ ನಡೆಸುವ, ಖೋಲಿಯ ಶಾಖವನ್ನು ನನ್ನ ಫೋನಿಗೆ ತಿಳಿಸುವ ಸ್ಮಾರ್ಟ್ ಥರ್ಮೋಸ್ಟಾಟ್ ತರಿಸಬೇಕೆಂದುಕೊಂಡೆ.

ವಾರವಿಡೀ ಫೋನಿನಲ್ಲಿ ಓದಿ, ಎಲ್ಲಕ್ಕಿಂತ ದುಬಾರಿಯದನ್ನು ಆರಿಸಿ ಅವರಿಗೆ ತೋರಿಸಿದೆ. ಅದು ಮನೆಯವರ ರೂಢಿಯನ್ನು ತಾನೇ ಕಲಿಯುತ್ತದೆ ಎಂದು ಜಂಬದಿಂದಲೇ ಹೇಳಿದೆ.

"ಯಾರ ರೂಢಿ ಕಲೀತೈತ್ರಿ?" ಎಂದರು. "ನೀವು ಸಾಲಿಗೆ ಹ್ವಾದ ಮ್ಯಾಲೆ ಮನ್ಯಾಗ ಯಾರೂ ಅಡ್ಡಾಡವಲ್ಲರು ಅಂತ ತಿಳಕೊಂಡು ಬಂದ್ ಆದ್ರ? ಅವ್ವಾರ ಎದ್ದು ಅಡ್ಡಾಡೂದಿಲ್ಲರಿ."

ನನ್ನ ವಾರದ ಓದು ಅಲ್ಲಿಗೆ ಮುಗಿಯಿತು. ಕರೆಂಟು ಹೋಗಿ ಬಂದರೆ ತಾನೇ ಚಾಲೂ ಆಗುತ್ತದೆಯೇ, ವೈಫೈ ಇಲ್ಲದಾಗ ಕೈಯಿಂದ ನಡೆಯುತ್ತದೆಯೇ, ಶಾಖ ಅಳೆಯುವ ಡಬ್ಬಿಯನ್ನು ಬೇರೆ ಕಡೆ ಇಡಲು ಬರುತ್ತದೆಯೇ, ಇಷ್ಟನ್ನೇ ಕೇಳಿ ಅವರು ಒಂದು ಸಾದಾ ಮಾದರಿಯನ್ನು ಆರಿಸಿದರು.

ಕೂಡಿಸುವ ದಿನ ನಾನು ಡಬ್ಬಿಗೆ ಬಾಗಿಲ ಪಕ್ಕದ ಗೋಡೆ ತೋರಿಸಿದೆ. ಅವರು ಕೈ ತೊಳೆದುಕೊಂಡು ಬಂದು ಅವ್ವನ ಮಂಚದ ಪಕ್ಕ ನೆಲಕ್ಕೆ ಕುಳಿತರು. "ಅವ್ವಾರ, ಕಾಲ ಮುಟ್ಟಲ್ರಿ?" ಎಂದು ಅವ್ವನನ್ನೇ ಕೇಳಿದರು. ಅವ್ವನ ವಿಷಯವನ್ನು ಎಲ್ಲರೂ ನನ್ನನ್ನು ಕೇಳುತ್ತಿದ್ದರು. ಆಕೆಯನ್ನು ಕೇಳಿದವರು ಅವರೊಬ್ಬರೇ. ಅವ್ವ ಬಹಳ ಹೊತ್ತಿನ ಮೇಲೆ ರೆಪ್ಪೆ ಬಡಿದಳು. ಆಗಲೇ ಅವರು ಹಿಂಗೈಯನ್ನು ಆಕೆಯ ಅಂಗಾಲಿಗೆ ಹಿಡಿದು ನೋಡಿದ್ದು. ಆಮೇಲೆ ಚಿಗವ್ವನಿಂದ ಹಳೇ ಸೀರೆಯ ತುಂಡು ಇಸಿದುಕೊಂಡು ಡಬ್ಬಿಯನ್ನು ಮಂಚದ ತಲೆಗಡೆಗೆ ಕಟ್ಟಿದರು.

"ಗ್ವಾಡಿ ಮಲಗೂದಿಲ್ಲರಿ ಅಕ್ಕಾರ. ಅವ್ವಾರ ಮಲಗತಾರ."

ನಾನು ಕ್ಲಾಸಿನಲ್ಲಿ ಫೋನು ನೋಡುವುದಿಲ್ಲವೆಂದು ನನ್ನ ಒಪ್ಪಿಗೆ ಕೇಳಿ ತಮ್ಮ ಫೋನನ್ನೂ ಅದಕ್ಕೆ ಸೇರಿಸಿಕೊಂಡರು. ಖೋಲಿಯ ಹದ ತಪ್ಪಿದರೆ ಇಬ್ಬರಿಗೂ ಗಂಟೆ ಬಾರಿಸುತ್ತಿತ್ತು.

ದವನದ ಹುಣ್ಣಿಮೆ ಬಂತು. ಅವ್ವ ದೇವರ ಖೋಲಿಗೆ ಹೋಗಲಾರಳು, ಎಲ್ಲಮ್ಮನ ದೀಪವನ್ನು ಕಣ್ಣಿಂದಾದರೂ ನೋಡಲಿ ಎಂದು ಚಿಗವ್ವ ದಿಂಬಿನ ಹತ್ತಿರ ಸ್ಟೂಲಿಟ್ಟು ಎಣ್ಣೆ ದೀಪ ಹಚ್ಚಿದಳು. ನೈವೇದ್ಯಕ್ಕೆಂದು ಅಡಿಗೆ ಮನೆಗೆ ಹೋದಳು. ದೀಪದ ಕಾವು ನೇರ ಡಬ್ಬಿಗೆ ಬಡಿಯಿತು. ಖೋಲಿ ಕಾದಿದೆ ಎಂದು ತಿಳಿದ ಥರ್ಮೋಸ್ಟಾಟು ಎಸಿಯನ್ನು ಜೋರು ಮಾಡುತ್ತಲೇ ಹೋಯಿತು. ಗಂಟೆ ಕೇಳಿದ ಚಾಚಾ ಕ್ಲಾಸಿನಲ್ಲಿದ್ದ ನನಗೆ ಮೂರು ಸಲ ಫೋನು ಮಾಡಿ, ಕಡೆಗೆ ಅಂಗಡಿ ಮುಚ್ಚಿ ತಾವೇ ಬಂದರಂತೆ.

ನಾನು ಮನೆ ಮುಟ್ಟಿದಾಗ ಅವರು ಅವ್ವನ ಕಾಲಿಗೆ ಚಾದರ ಸುತ್ತುತ್ತಿದ್ದರು. ಚಿಗವ್ವ ಅಳುತ್ತಾ ದೀಪ ಎತ್ತಲು ಹೋದಳು. "ದೀಪ ಅಲ್ಲೇ ಇರಲ್ರಿ ಬೇ" ಎಂದರು. "ಅವ್ವಾರ ನೋಡಾಕತ್ತಾರ. ಡಬ್ಬಿ ನಾ ಸರಸತೇನಿ."

ಹಬ್ಬದ ಊಟಕ್ಕೆ ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಇವರಿಗೆ ಹೇಗೆ ತಿಳಿಯಿತು ಎಂದು ಕೇಳಿದ. ಹೇಳಿದೆ. ಅವನ ಮುಖ ಬಿಗಿಯಿತು. "ನಮ್ಮವ್ವನ ಖೋಲಿ ಯಾರ್ಯಾರೋ ಯಾಕ ನೋಡಬೇಕು? ತಗದ ಹಾಕು ಅದನ್ನ."

'ಯಾರ್ಯಾರೋ' ಎಂಬುದರಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಚಾಚಾನಿಗೂ ಗೊತ್ತಿತ್ತು. ದಿನಾ ನಲವತ್ತು ಮಕ್ಕಳ ಮುಂದೆ ದನಿಯೆತ್ತುವ ನಾನು ಅಂದು ಅಣ್ಣನ ಮುಂದೆ ತುಟಿ ಬಿಚ್ಚಲಿಲ್ಲ. ಹಬ್ಬದ ದಿನ ಜಗಳ ಬೇಡವೆಂಬ ನೆಪ ಹೇಳಿಕೊಂಡು, ಅವರೆದುರಿಗೇ ಫೋನು ತೆಗೆದು ಥರ್ಮೋಸ್ಟಾಟಿನಿಂದ ಅವರ ನಂಬರನ್ನು ಅಳಿಸಿದೆ.

"ಆಗಲ್ರಿ ಅಕ್ಕಾರ, ಮನಿ ನಿಮ್ಮದು" ಎಂದು ಪಾನ, ಪಕ್ಕಡದಂಥ ರಿಪೇರಿ ಸಾಮಾನುಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಹೋಳಿಗೆಯನ್ನೂ ತಿನ್ನಲಿಲ್ಲ.

ಇನ್ನು ಬರಲಾರರು ಎಂದುಕೊಂಡಿದ್ದೆ. ಮರುದಿನ ಸಂಜೆ ಐದಕ್ಕೆ, ಅಸರ್ ನಮಾಜು ಮುಗಿಸಿ, ಫೋನು ಮಾಡಿದರು. "ಖೋಲಿ ಎಷ್ಟೈತ್ರಿ?" ಇಪ್ಪತ್ತೇಳು ಎಂದೆ. "ಕಾಲ ಮುಟ್ಟಿ ನೋಡ್ರಿ. ಹಿಂಗೈಲೆ ನೋಡ್ರಿ, ಅಂಗೈ ಸುಳ್ಳ ಹೇಳತೈತಿ." ಅಂದಿನಿಂದ ದಿನಾ ಐದಕ್ಕೆ ಅದೇ ಫೋನು. ಅದು ಬಂದರೆ ಅವ್ವನ ಕಣ್ಣು ಮಿನುಗುತ್ತಿತ್ತು. ನಾನು ತಪ್ಪು ಮಾಡಿದೆ ಚಾಚಾ, ಮತ್ತೆ ಸೇರಿಸುತ್ತೇನೆ ಎಂದು ದಿನಾ ಹೇಳಬೇಕೆಂದುಕೊಳ್ಳುತ್ತಿದ್ದೆ. ಹೇಳಲಿಲ್ಲ. ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನೋ ಒಡೆದದ್ದನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಕುಳಿತಿದ್ದೆ.

ಮುಂಗಾರು ಬಂದ ಮೇಲೆ ಒಂದು ದಿನ ಐದು ಗಂಟೆಗೆ ಫೋನು ಬರಲಿಲ್ಲ. ಆರಾಯಿತು. ಆಗ ಅದೆಲ್ಲಿಂದ ಧೈರ್ಯ ಬಂತೋ, ಅವರನ್ನು ಮತ್ತೆ ಸೇರಿಸಿಕೊಳ್ಳುವ ಆಹ್ವಾನವನ್ನು ಅವರ ನಂಬರಿಗೆ ಕಳಿಸಿಯೇ ಬಿಟ್ಟೆ. ನಾಳೆ ನಗುತ್ತಾರೆ ಎಂದುಕೊಂಡು ಹಗುರಾದೆ.

ಮರುದಿನ ಹಾಲಿನವನು ಸುದ್ದಿ ತಂದ. ಮನೋಳಿ ಊರಿಗೆ ಕೆಲಸಕ್ಕೆ ಹೋದ ಚಾಚಾ ಮಧ್ಯಾಹ್ನ ಎದೆ ಹಿಡಿದುಕೊಂಡು ಕುಳಿತರಂತೆ. ಮತ್ತೆ ಏಳಲಿಲ್ಲವಂತೆ. ನಾನು ಆಹ್ವಾನ ಕಳಿಸುವಾಗ ಅವರು ಹೋಗಿ ನಾಲ್ಕು ತಾಸಾಗಿತ್ತು.

ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದು, "ನಮ್ಮ ಮನ್ಯಾಗೂ ಐದ ಗಂಟೆ ಅಂದ್ರ ನಿಮ್ಮವ್ವನ ಹೊತ್ತರಿ" ಎಂದರು. ಹುಣ್ಣಿಮೆಯ ದಿನದ ಮಾತನ್ನು ಚಾಚಾ ಮನೆಯಲ್ಲಿ ಹೇಳಿಯೇ ಇರಲಿಲ್ಲ. ನನಗೂ ಹೇಳಲಾಗಲಿಲ್ಲ. ಅತ್ತೆನಷ್ಟೇ.

ಫೋನಿನಲ್ಲಿ ಅವರ ನಂಬರಿನ ಕೆಳಗೆ 'ಒಪ್ಪಿಗೆಗೆ ಕಾಯುತ್ತಿದೆ' ಎಂದು ಇವತ್ತಿಗೂ ಇದೆ. ಅಳಿಸಿಲ್ಲ. ಒಂದು ಸಲ ಅಳಿಸಿದ್ದೇ ಸಾಕು.

ಐದಾದರೆ ಅವ್ವ ಫೋನಿನ ಕಡೆ ನೋಡುತ್ತಾಳೆ. ನಾನು ಮಂಚದ ಪಕ್ಕ ನೆಲಕ್ಕೆ ಕುಳಿತು, "ಅವ್ವಾ, ಕಾಲ ಮುಟ್ಟಲಿ?" ಎಂದು ಕೇಳುತ್ತೇನೆ. ಹೆತ್ತ ಮಗಳು ನಾನು, ಕೇಳಬೇಕಾಗಿಲ್ಲ. ಆದರೂ ಕೇಳಿ, ಆಕೆ ರೆಪ್ಪೆ ಬಡಿಯುವ ತನಕ ಕಾಯುತ್ತೇನೆ.