ಹೆಣ ನಕ್ಕ ಮೇಲೆ ಕಟ್

ನಮ್ಮ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ. ಅವ್ವ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಸ್ಕಾಲರ್‌ಶಿಪ್ ಹಿಡಿದು ಮಲೇಶಿಯಾದ ನಿಲಾಯ್‌ಗೆ ಸಿನಿಮಾ ಕಲಿಯಲು ಬಂದ ನನಗೆ ಕೊನೆಯ ಸೆಮಿಸ್ಟರ್‌ನಲ್ಲಿ ಕೊರೊನಾ ಎದುರಾಯಿತು. ಹಾಸ್ಟೆಲ್ ಗೇಟಿಗೆ ಬೀಗ ಬಿತ್ತು. ಹತ್ತು ನಿಮಿಷದ ಸಿನಿಮಾ ಮಾಡಿ ಒಪ್ಪಿಸದಿದ್ದರೆ ಡಿಗ್ರಿ ಇಲ್ಲ. ಇನ್ನೊಂದು ಸೆಮಿಸ್ಟರ್ ಓದುತ್ತೇನೆಂದರೆ ಸ್ಕಾಲರ್‌ಶಿಪ್ಪೂ ಇಲ್ಲ.

ಜೊತೆಗಿದ್ದವಳು ರೂಮಿನ ಥಾಯ್ ಹುಡುಗಿ. ಅವಳದೂ ಅದೇ ಪರೀಕ್ಷೆ. ಅವಳ ಭಾಷೆಯಲ್ಲೇ, ಅವರ ಕಡೆಯವರು ಮಾಡುವಂತೆ, ನಗಿಸುತ್ತಲೇ ಹೆದರಿಸುವ ಭೂತದ ಸಿನಿಮಾ ಮಾಡಲು ಹೊರಟೆವು. ಕಥೆ ಇಷ್ಟು: ಹಾಸ್ಟೆಲಿನಲ್ಲಿ ಸತ್ತ ಹುಡುಗಿ ಭೂತವಾಗಿ ಏಳುತ್ತಾಳೆ. ಆದರೆ ಲಾಕ್‌ಡೌನ್, ಗೇಟು ದಾಟುವಂತಿಲ್ಲ. ರೂಮಿನವಳನ್ನು ಹೆದರಿಸಬೇಕೆಂದರೂ ಒಂದು ಮೀಟರ್ ದೂರ ನಿಂತೇ ಹೆದರಿಸಬೇಕು. ಭೂತ ನಾನು, ಹೆದರುವವಳು ಅವಳು. ಥಾಯ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಅವಳ ಮೊಬೈಲೇ ಕ್ಯಾಮೆರಾ, ಬೋರಲು ಹಾಕಿದ ಬಕೆಟ್ಟೇ ಸ್ಟ್ಯಾಂಡು. ತಪಾವ್, ಅಂದರೆ ಪಾರ್ಸೆಲ್ ಊಟ, ಕಟ್ಟಿಕೊಡುವ ಕೆಂಪು ಪ್ಲಾಸ್ಟಿಕ್ ಚೀಲವನ್ನು ಟ್ಯೂಬ್‌ಲೈಟಿಗೆ ಸುತ್ತಿದರೆ ಭೂತದ ಬೆಳಕು ಸಿದ್ಧ.

ಕೊನೆಯ ಶಾಟ್‌ನಲ್ಲಿ ನಾನು ಹೆಣ. ಮುಖಕ್ಕೆ ಪೌಡರ್, ಮೂಗಿಗೆ ಹತ್ತಿ. ಮುಗಿಯಿತೆಂದು ಏಳಹೋದೆ.

"ಮಲಗು," ಎಂದಳು. "ಹೆಣ ಆದವರು ಏಳೋ ಮುಂಚೆ ಕ್ಯಾಮೆರಾ ನೋಡಿ ನಗಬೇಕು. ನಮ್ಮ ಕಡೆ ಶೂಟಿಂಗಲ್ಲಿ ಹಾಗೇನೇ. ಇಲ್ಲಾಂದ್ರೆ ಕೆಟ್ಟದಾಗುತ್ತೆ."

"ಇದನ್ನೆಲ್ಲ ನಂಬೋಕೆ ನಾನು ಇಷ್ಟು ಓದಿದ್ನಾ?"

"ನೀನು ಓದಿದೀಯ. ಸಾವು ಓದಿಲ್ಲ ಲಾ," ಎಂದಳು, ಇಲ್ಲಿಯವರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

ಕ್ಯಾಮೆರಾ ಇನ್ನೂ ಓಡುತ್ತಲೇ ಇತ್ತು. ಅಷ್ಟರಲ್ಲಿ ನನ್ನ ಫೋನಿಗೆ ಅವ್ವನ ವಿಡಿಯೊ ಕಾಲ್ ಬಂತು. ಇವಳು ಎತ್ತಿ ನನ್ನ ಮುಖಕ್ಕೆ ಹಿಡಿದೇಬಿಟ್ಟಳು.

"ಏನವಾ ಇದು? ಮೂಗಿನ್ಯಾಗ ಹತ್ತಿ ಯಾಕ?" ಅವ್ವ ಚೀರಿದಳು. ಎಲ್ಲ ಹೇಳಿದೆ. ಸ್ವಲ್ಪ ಸುಧಾರಿಸಿಕೊಂಡು, "ಆ ಹುಡುಗಿ ಹೇಳೂದು ಖರೆ ಐತಿ. ನಗು," ಎಂದಳು.

"ಸುಮ್ನ ಹೆಂಗ ನಗಲಿ?"

"ಅಷ್ಟು ಪೌಡರ್ ಬಳ್ಕೊಂಡೀದಿ. ಯಾರರ ಕನ್ಯಾ ನೋಡಾಕ ಬರಾಕತ್ತಾರೇನು?"

ಹತ್ತಿ ಹಾರಿಹೋಗುವಂತೆ ನಕ್ಕೆ.

ಪರೀಕ್ಷೆ ಆನ್‌ಲೈನಿನಲ್ಲಿ. ಇಬ್ಬರು ಪರೀಕ್ಷಕರೂ ಮೈಕ್ ಆರಿಸಿ ಕುಳಿತಿದ್ದರು. ಭೂತದ ಒಂದು ಜೋಕಿಗೂ ಅವರ ಮುಖ ಅಲ್ಲಾಡಲಿಲ್ಲ. ಡಿಗ್ರಿ ಹೋಯಿತು, ಅವ್ವನಿಗೆ ಏನು ಹೇಳಲಿ ಎಂದುಕೊಳ್ಳುತ್ತಿದ್ದಾಗಲೇ ಸಿನಿಮಾದೊಳಗಿಂದ ಅವ್ವನ ದನಿ ಕೇಳಿತು. ಎಡಿಟಿಂಗ್ ಮಾಡಿದ ಥಾಯ್ ಗೆಳತಿ ಕೊನೆಯ ಆ ತುಂಡನ್ನು ಕತ್ತರಿಸಲು ಮರೆತಿದ್ದಳು. ಪಕ್ಕದಲ್ಲೇ ಕೂತು ತಲೆ ಚಚ್ಚಿಕೊಂಡಳು.

ಹಿರಿಯ ಪರೀಕ್ಷಕರ ಮೈಕ್ ಹತ್ತಿತು. ನಗುತ್ತಿದ್ದರು.

"ಆ ದನಿ ಯಾರದು?"

"ನಮ್ಮ ತಾಯಿಯದು, ಸರ್."

"ಏನು ಹೇಳ್ತಾರೆ?"

ಹೇಳಿದೆ. ಇನ್ನೊಬ್ಬರೂ ನಕ್ಕರು. "ಅದನ್ನ ತೆಗೀಬೇಡಿ ಲಾ," ಎಂದರು ಹಿರಿಯರು. "ಅಲ್ಲೀವರೆಗೆ ನೀವಿಬ್ಬರೂ ಪರೀಕ್ಷೆಗೆ ಹೆದರಿಕೊಂಡೇ ನಟಿಸಿದ್ದೀರಿ." ಇಬ್ಬರನ್ನೂ ಪಾಸು ಮಾಡಿದರು.

ಅವ್ವನಿಗೆ ಫೋನ್ ಮಾಡಿದೆ. "ಪಾಸಾದೆ, ಯವ್ವಾ. ನಮ್ಮ ಮನ್ಯಾಗ ಮೊದಲನೇ ಡಿಗ್ರಿ."

ಆ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಇನ್ನರ ಮಾರಿ ತೊಳ್ಕೊಂಡಿಯಿಲ್ಲೋ?" ಎಂದಳು.