ಲೆಕ್ಕಕ್ಕೆ ಬಾರದ ಹಣ್ಣು

ಎದುರಿಗೆ ಎಲ್ಲರೂ ಅವನನ್ನು ಅಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ ಸಿಡುಕಪ್ಪ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದು ಅಲ್ಲಿಂದ ಒಳಗೆ ಹೋದದ್ದನ್ನು ಕಂಡವರಿಲ್ಲ. ಎತ್ತರದ ಕಟ್ಟಡಗಳ ಹೊರಗಿನ ಗಾಜು ಒರೆಸುವುದು ಅವನ ಕೆಲಸ. ಛಾವಣಿಯಿಂದ ಉಕ್ಕಿನ ಹಗ್ಗದಲ್ಲಿ ಇಳಿಬಿಟ್ಟ ಉದ್ದನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇಬ್ಬರು ನಿಲ್ಲಬೇಕು. ಒಬ್ಬ ಒರೆಸಬೇಕು, ಇನ್ನೊಬ್ಬ ಗುಂಡಿ ಒತ್ತಿ ಪೆಟ್ಟಿಗೆಯನ್ನು ಏರಿಸಿ ಇಳಿಸಬೇಕು. ಕೆಲಸದವರು ಅದಕ್ಕೆ ಇಟ್ಟ ಹೆಸರು ತೊಟ್ಟಿಲು.

ಆ ತೊಟ್ಟಿಲೆಂದರೆ ಸಿಡುಕಪ್ಪನಿಗೆ ಪ್ರಾಣ. ನೆಲದ ಮೇಲೆ ಅವನಿಗೆ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಮೈಗೆ ಮೈ ತಾಗಿಸುವವರು, ಬೆಳಗ್ಗೆ ಎದ್ದು ಹಾಡು ಹಾಕುವ ಪಕ್ಕದ ಮನೆಯವರು, ಸುಮ್ಮನೆ ನಿಂತವನನ್ನು ಹೇಗಿದ್ದೀರಿ ಎಂದು ಕೇಳುವವರು, ಎಲ್ಲರೂ ಅವನ ಪಾಲಿಗೆ ಕೇಡಿಗಳೇ. ಮೇಲೆ ಹೋದರೆ ಗಾಳಿ ಬಿಟ್ಟು ಬೇರೆ ಸದ್ದಿಲ್ಲ. ಗಾಜಿನೊಳಗೆ ಕೂತವರು ಬಾಯಿ ಆಡಿಸುವುದು ಕಾಣುತ್ತಿತ್ತೇ ಹೊರತು ಒಂದಕ್ಷರ ಕೇಳಿಸುತ್ತಿರಲಿಲ್ಲ. ದೇವರು ಮನುಷ್ಯರನ್ನೆಲ್ಲ ಹೀಗೇ ಮಾಡಬಾರದಿತ್ತೇ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಇದ್ದ ಮುಳ್ಳು ಒಂದೇ. ತೊಟ್ಟಿಲಿನ ಇನ್ನೊಂದು ತುದಿಯಲ್ಲಿ ನಿಲ್ಲುತ್ತಿದ್ದವನು ಅವನ ಹೆಂಡತಿಯ ತಮ್ಮ. ಇದೇ ಸಿಡುಕಪ್ಪ ಅವನನ್ನು ಕೆಲಸಕ್ಕೆ ಸೇರಿಸಿ, ಬೀಳದಂತೆ ಬೆಲ್ಟು ಕಟ್ಟುವುದರಿಂದ ಹಿಡಿದು ಎಲ್ಲ ಕಲಿಸಿದ್ದ. ಕಲಿತವನು ಚುರುಕಾಗಿದ್ದ ಎಂದು ಮೇಸ್ತ್ರಿ ಗುಂಡಿಯ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟುಬಿಟ್ಟ. ಗುಂಡಿ ಹಿಡಿದವನೇ ತೊಟ್ಟಿಲಿಗೆ ಯಜಮಾನ. ತಾನು ಕೈಹಿಡಿದು ಕಲಿಸಿದವನ ಮುಂದೆ ಏರಿಸಪ್ಪಾ ಇಳಿಸಪ್ಪಾ ಎಂದು ಹಲ್ಲು ಗಿಂಜಬೇಕೇ ಎಂದು ಸಿಡುಕಪ್ಪನ ಮೈಯೆಲ್ಲ ಉರಿಯಿತು.

"ಇನ್ಮೇಲೆ ನಿನ್ ಬಾಯಿಂದ ಒಂದು ಮಾತು ನನ್ ಕಿವಿಗೆ ಬೀಳಬಾರ್ದು. ನಾನೂ ಆಡಲ್ಲ. ಬಿದ್ರೆ ಇಬ್ಬರಲ್ಲೊಬ್ರು ಕೆಳಗೆ ಬೀಳ್ತೀವಿ, ನೆನಪಿಟ್ಕೋ," ಎಂದು ಮೈದುನನಿಗೆ ಹೇಳಿದ.

ಅಂದಿನಿಂದ ಇಬ್ಬರ ಬಾಯಿಗೂ ಬೀಗ. ಕೆಲಸ ಮಾತ್ರ ನಡೆಯಬೇಕಲ್ಲ, ಸಿಡುಕಪ್ಪ ವೈಪರಿನ ಹಿಡಿಯಿಂದ ಕಂಬಿಗೆ ಬಡಿಯುತ್ತಿದ್ದ. ಒಂದು ಬಡಿದರೆ ಏರಿಸು, ಎರಡು ಬಡಿದರೆ ಇಳಿಸು, ಮೂರು ಬಡಿದರೆ ನಿಲ್ಲಿಸು. ಒಂದು ಸಲ ಗಾಳಿ ಜೋರಾಗಿದ್ದಾಗ ಸಿಡುಕಪ್ಪನ ಬೆಲ್ಟಿನ ಪಟ್ಟಿ ಕಿಟಕಿಯ ಕೊಕ್ಕೆಗೆ ಸಿಕ್ಕಿಬಿತ್ತು, ತೊಟ್ಟಿಲು ಏರುತ್ತಲೇ ಇತ್ತು. ಅವನು ಮೂರು ಬಡಿದ. ಮೂರನೆಯ ಸದ್ದು ಮುಗಿಯುವಷ್ಟರಲ್ಲಿ ತೊಟ್ಟಿಲು ನಿಂತಿತ್ತು. ಸಿಡುಕಪ್ಪ ಪಟ್ಟಿ ಬಿಡಿಸಿಕೊಂಡ, ಒಂದು ಬಡಿದ, ಕೆಲಸ ಮುಂದುವರಿಯಿತು. ಉಪಕಾರ ಸ್ಮರಣೆ ಎಂಬುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಇಂಥ ಸಂಸಾರಕ್ಕೆ ಹೊಸ ತೊಟ್ಟಿಲು ಬಂತು. ಹಳೆಯದಕ್ಕಿಂತ ಹಗುರ, ಅದರಲ್ಲಿ ನಿಲ್ಲುವವರು ತಲಾ ಎಂಬತ್ತು ಕೆಜಿ ಮೀರಬಾರದು ಎಂದು ಮೇಸ್ತ್ರಿ ಹೇಳಿದ. ಉಗ್ರಾಣದಲ್ಲಿ ಸೋಪಿನ ಡ್ರಮ್ಮು ತೂಗುವ ಯಂತ್ರದ ಮೇಲೆ ಎಲ್ಲರನ್ನೂ ಹತ್ತಿಸಿದರು. ಮೈದುನ ಎಂಬತ್ಮೂರು ಬಂದ. ಸಿಡುಕಪ್ಪ ಎಂಬತ್ತಾರು.

"ತಿಂಗಳ ಕೊನೇಲಿ ಮತ್ತೆ ತೂಗ್ತೀನಿ. ಇಳೀದೆ ಇದ್ದವರು ನೆಲಮಾಳಿಗೇಲಿ ಗಾಡಿ ನಿಲ್ಸೋ ಜಾಗ ತೊಳೀಬೇಕು," ಎಂದ ಮೇಸ್ತ್ರಿ.

ನೆಲಮಾಳಿಗೆ. ಕಿಟಕಿಯಿಲ್ಲದ, ಹೊಗೆ ತುಂಬಿದ, ಹಾರನ್ನು ಹೊಡೆಯುವವರು ದಿನವಿಡೀ ಬಂದುಹೋಗುವ ಜಾಗ.

ಕಂಪನಿಯವರು ಒಬ್ಬ ನರ್ಸಮ್ಮನನ್ನು ಕರೆಸಿ ಕ್ಯಾಲೊರಿ ಲೆಕ್ಕ ಹಾಕುವುದನ್ನು ಹೇಳಿಸಿದರು. ಉಗ್ರಾಣದಲ್ಲಿ ಬೆಂಚು ಹಾಕಿತ್ತು. ಮುಂದಿನ ಸಾಲಿನಲ್ಲಿ ಮೈದುನ, ಬಾಗಿಲ ಬಳಿ ಸಿಡುಕಪ್ಪ. ಅನ್ನ ಇಷ್ಟು, ಎಣ್ಣೆ ಇಷ್ಟು, ಸಕ್ಕರೆ ಹಾಕಿದ ಟೀ ಇಷ್ಟು ಎಂದು ಆಕೆ ಬಿಡಿಸಿ ಹೇಳಿದಳು. ಕೊನೆಗೆ, "ಹಣ್ಣು ತರಕಾರಿ ಅಂದ್ರೆ ಹೆದರ್ಬೇಡಿ, ಧಾರಾಳವಾಗಿ ತಿನ್ನಿ," ಎಂದಳು.

ಮೈದುನ ಎದ್ದು ನಿಂತು, "ಎಷ್ಟು ಧಾರಾಳ ಮೇಡಂ? ನಮ್ಮಲ್ಲಿ ಕೆಲವ್ರು ಒಂದು ಚಿಪ್ಪು ಬಾಳೆಹಣ್ಣು ಒಟ್ಟಿಗೆ ಮುಗಿಸ್ತಾರೆ," ಎಂದ. ಎಲ್ಲರೂ ಗೊಳ್ಳೆಂದು ನಕ್ಕರು.

ಮಧ್ಯಾಹ್ನದ ಊಟಕ್ಕೆ ಬಾಳೆಹಣ್ಣಿನ ಚಿಪ್ಪು ತರುತ್ತಿದ್ದವನು ಸಿಡುಕಪ್ಪ ಒಬ್ಬನೇ. ಅವನ ಕಿವಿ ಕೆಂಪಗಾಯಿತು. ನಾಲ್ಕು ಜನರ ಎದುರು ನನ್ನ ಮರ್ಯಾದೆ ತೆಗೆಯುತ್ತಾನೆ, ಮನೆಹಾಳ, ಎಂದು ಹಲ್ಲು ಕಡಿಯುತ್ತ ಎದ್ದವನು ನರ್ಸಮ್ಮ ಉತ್ತರ ಕೊಡುವ ಮೊದಲೇ ಹೊರಗೆ ನಡೆದ. ಬಾಗಿಲನ್ನು ಎಳೆದು ಹಾಕಿದ ರಭಸಕ್ಕೆ ಗೋಡೆಯ ಸುಣ್ಣ ಉದುರಿತು.

ಮನೆಯಲ್ಲಿ ಅವನ ಪಥ್ಯ ಶುರುವಾಯಿತು. ಹಟ ಹಿಡಿದರೆ ಸಿಡುಕಪ್ಪ ಹಿಡಿದವನೇ. ಅನ್ನವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕಿಸಿಕೊಂಡ. ಟೀಗೆ ಸಕ್ಕರೆ ಬಿಟ್ಟ. ಕರಿದದ್ದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹೊಟ್ಟೆ ಚುರುಗುಟ್ಟಿದಾಗಲೆಲ್ಲ ಹಣ್ಣು ತಿಂದ. ಹಣ್ಣಿಗೇನು ಬರ, ಅವನ ಹೆಂಡತಿ ಸಗಟು ಅಂಗಡಿಯಲ್ಲಿ ಹಣ್ಣು ಆರಿಸುವ ಕೆಲಸಕ್ಕಿದ್ದಳು, ಕಲೆ ಬಿದ್ದದ್ದನ್ನೆಲ್ಲ ಚೀಲ ತುಂಬಿ ತರುತ್ತಿದ್ದಳು. ಬೆಳಗ್ಗೆ ಬಾಳೆಹಣ್ಣು, ನಡುವೆ ದ್ರಾಕ್ಷಿಯ ಗೊಂಚಲು, ಸಂಜೆ ಕಿತ್ತಳೆ ಹಿಂಡಿದ ರಸ ಒಂದು ಚೊಂಬು, ಊಟದ ಮೇಲೆ ಮಾವಿನಹಣ್ಣು. ತರಕಾರಿಯ ಕಡೆ ಅವನು ತಲೆ ಹಾಕಲಿಲ್ಲ. ಧಾರಾಳವಾಗಿ ತಿನ್ನಲು ಎರಡು ಇರುವಾಗ ಸಿಹಿಯಾಗಿರುವುದನ್ನು ಬಿಟ್ಟು ಸೋರೆಕಾಯಿ ಯಾರು ತಿಂದಾರು.

"ಹಣ್ಣನ್ನೂ ಲೆಕ್ಕಕ್ಕೆ ಸೇರಿಸ್ಬೇಕಂತಲ್ರೀ," ಎಂದಳು ಹೆಂಡತಿ ಒಂದು ದಿನ.

"ಯಾರು ಹೇಳಿದ್ದು?"

"ನನ್ ತಮ್ಮ."

"ಹಾಗಾದ್ರೆ ಸುಳ್ಳು. ನರ್ಸಮ್ಮನ ಬಾಯಿಂದ ನಾನೇ ಕೇಳಿದ್ದೀನಿ. ಅವನಿಗೆ ನಾನು ಹೊಟ್ಟೆಗಿಲ್ದೆ ಸಾಯ್ಬೇಕು, ಅಷ್ಟೇ. ನೀನೂ ಅವನ ಜೊತೆ ಸೇರ್ಕೊಂಡಿದ್ದೀಯ."

ಅವಳು ಸೆರಗು ಕೊಡವಿ ಒಳಗೆ ಹೋದಳು. ಈ ಬಂಡೆಗೆ ತಲೆ ಚಚ್ಚಿಕೊಂಡು ಅವಳಿಗೂ ಸಾಕಾಗಿತ್ತು.

ಮದುವೆಯಾಗದ ಮೈದುನನ ಊಟ ಅಕ್ಕನ ಮನೆಯಲ್ಲೇ. ಅದೇ ಮೇಜು, ಎದುರಾಬದುರು ಕುರ್ಚಿ. ಅವನ ತಟ್ಟೆಯ ಅರ್ಧದಷ್ಟು ಸೌತೆಕಾಯಿ, ಎಲೆಕೋಸು, ಬೇಯಿಸಿದ ಹುರುಳಿಕಾಯಿ. ಕೊನೆಯಲ್ಲಿ ಒಂದೇ ಒಂದು ಹಣ್ಣು. ದನ ಮೇಯ್ದ ಹಾಗೆ ಮೇಯುತ್ತಾನೆ ಎಂದು ಸಿಡುಕಪ್ಪ ಮನಸ್ಸಿನಲ್ಲೇ ಆಡಿಕೊಂಡ. ಎರಡನೆಯ ಮಾವಿನಹಣ್ಣಿಗೆ ಕೈ ಹಾಕಿದಾಗ ಮೈದುನ ಬೆರಳು ಮಡಚಿ ಮೇಜಿನ ಮೇಲೆ ಬಡಿದ. ಟಕ್, ಟಕ್, ಟಕ್.

ಸಿಡುಕಪ್ಪ ತಲೆಯೆತ್ತಿದ. ಮೈದುನ ಅವನನ್ನೇ ನೋಡುತ್ತಿದ್ದ. ನನ್ನ ಬಡಿತ ಕದ್ದು ನನ್ನ ಮನೆಯಲ್ಲೇ, ನನ್ನ ಮೇಜಿನ ಮೇಲೇ ನನ್ನನ್ನು ಅಣಕಿಸುತ್ತಾನೆ, ಎಷ್ಟು ಕೊಬ್ಬು! ಸಿಡುಕಪ್ಪ ಅವನ ಕಣ್ಣಲ್ಲಿ ಕಣ್ಣಿಟ್ಟು ಎರಡನೆಯದನ್ನು ತಿಂದ, ಅವನ ಹೊಟ್ಟೆ ಉರಿಯಲಿ ಎಂದೇ ಮೂರನೆಯದನ್ನೂ ತಿಂದ. ಮಾರನೆಯ ದಿನವೂ ಬಡಿತ, ಮಾರನೆಯ ದಿನವೂ ಒಂದು ಹಣ್ಣು ಜಾಸ್ತಿ. ಕೊನೆಕೊನೆಗೆ ಹಸಿವಿಲ್ಲದಿದ್ದರೂ ಆ ಸದ್ದು ಬಿದ್ದರೆ ಸಾಕು, ಅವನ ಕೈ ಬುಟ್ಟಿಗೆ ಹೋಗುತ್ತಿತ್ತು.

ತಿಂಗಳ ಕೊನೆಯಲ್ಲಿ ಮೇಸ್ತ್ರಿ ಮತ್ತೆ ಉಗ್ರಾಣಕ್ಕೆ ಕರೆದ. ನರ್ಸಮ್ಮನೂ ಬಂದಿದ್ದಳು. ಮೈದುನ ಹತ್ತಿದ, ಎಪ್ಪತ್ತೊಂಬತ್ತು. ಸಿಡುಕಪ್ಪ ಚಪ್ಪಲಿ ಬಿಟ್ಟು, ಜೇಬಿನ ಬೀಗದ ಕೈ ಕೂಡ ತೆಗೆದಿಟ್ಟು ಹತ್ತಿದ. ಮುಳ್ಳು ಎಂಬತ್ತೆಂಟಕ್ಕೆ ಹೋಗಿ ನಿಂತಿತು.

"ಯಂತ್ರ ಕೆಟ್ಟಿದೆ," ಎಂದ ಸಿಡುಕಪ್ಪ.

ನರ್ಸಮ್ಮ ಅವನು ದಿನವಿಡೀ ತಿಂದದ್ದನ್ನು ಒಂದೊಂದಾಗಿ ಕೇಳಿದಳು. ದ್ರಾಕ್ಷಿಗೆ ಬರುವಷ್ಟರಲ್ಲೇ ಅವಳ ಹುಬ್ಬು ಮೇಲೇರಿತು, ರಸದ ಚೊಂಬಿಗೆ ತಲೆ ಅಲ್ಲಾಡಿಸಿದಳು.

"ಆವತ್ತೇ ಹೇಳಿದ್ನಲ್ಲಪ್ಪ, ಇವ್ರು ಕೇಳಿದ್ರು ನೋಡಿ," ಎಂದು ಮೈದುನನತ್ತ ಕೈ ತೋರಿಸಿದಳು. "ತಟ್ಟೆ ಅರ್ಧ ತರಕಾರಿ ಇರ್ಲಿ, ಅದ್ರಲ್ಲಿ ಜಿಪುಣತನ ಬೇಡ. ಹಣ್ಣು ದಿನಕ್ಕೆ ಎರಡೋ ಮೂರೋ ಸಾಕು, ಅದನ್ನೂ ಲೆಕ್ಕಕ್ಕೆ ಹಾಕ್ಕೊಳ್ಳಿ, ರಸ ಹಿಂಡಿ ಕುಡೀಬೇಡಿ ಅಂತ. ನೀವು ಇರ್ಲಿಲ್ವಾ?"

ಮೇಸ್ತ್ರಿ ಗೋಡೆಗೆ ಒರಗಿಸಿದ್ದ ಉದ್ದ ಹಿಡಿಯ ಪೊರಕೆಯನ್ನು ತಂದು ಸಿಡುಕಪ್ಪನ ಕೈಗೆ ಕೊಟ್ಟ. ಇನ್ನೊಬ್ಬ ತೆಳ್ಳಗಿನವನು ಅವನ ಬೆಲ್ಟು ತೊಟ್ಟುಕೊಂಡ. ಎಲ್ಲರೂ ಮೆಟ್ಟಿಲ ಕಡೆ ಹೊರಟಾಗ ಸಿಡುಕಪ್ಪ ಮೈದುನನನ್ನು ಅಡ್ಡಗಟ್ಟಿದ. ವರ್ಷಗಟ್ಟಲೆ ಆಡದ ಮಾತು ಗಂಟಲಲ್ಲಿ ಗೊಗ್ಗರಾಗಿ ಬಂತು.

"ನಿನಗೆ ಗೊತ್ತಿತ್ತು. ಎದುರಿಗೇ ಕೂತು ಮಜಾ ನೋಡಿದೆ. ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಬಾಯಿ ಬಿಡ್ಬಾರ್ದು ಅಂದವ್ರು ನೀವು, ಭಾವ," ಎಂದ ಮೈದುನ. ಅವನ ದನಿಯಲ್ಲೂ ಬೆಣ್ಣೆಯೇನೂ ಇರಲಿಲ್ಲ. "ಅಕ್ಕನ ಕೈಲಿ ಹೇಳ್ಸಿದ್ರೆ ಸುಳ್ಳು ಅಂದ್ರಿ. ಆದ್ರೂ ದಿನಾ ಹೇಳ್ದೆ."

"ಯಾವಾಗ ಹೇಳ್ದೆ?"

ಮೈದುನ ಬಗ್ಗಿ ತೂಕದ ಯಂತ್ರದ ತಗಡಿನ ಮೇಲೆ ಮೂರು ಸಲ ಬಡಿದ.

"ನೀವು ಮೂರು ಬಡಿದಾಗ ನಾನು ಯಾವತ್ತಾದ್ರೂ ನಿಲ್ಲಿಸ್ದೆ ಇದ್ದೀನಾ?"

ಅವನು ಮೇಲೆ ಹೋದ. ಸಿಡುಕಪ್ಪ ಕೆಳಗೆ ಹೋಗಿ ಸಂಜೆಯವರೆಗೆ ಎಣ್ಣೆಯ ಕಲೆ ಉಜ್ಜಿದ. ಅಡ್ಡ ಬಂದ ಪ್ರತಿಯೊಬ್ಬ ಡ್ರೈವರನ್ನೂ ಬೈದ. ಬೈದರೂ ಎದೆಯ ಉರಿ ತಣಿಯಲಿಲ್ಲ.

ರಾತ್ರಿ ಊಟಕ್ಕೆ ಅದೇ ಮೇಜು, ಅದೇ ಎದುರಾಬದುರು ಕುರ್ಚಿ. ಹೆಂಡತಿ ಮಾವಿನಹಣ್ಣಿನ ಬುಟ್ಟಿ ತಂದು ನಡುವೆ ಇಟ್ಟಳು. ಮೈದುನನ ಎಡಗೈ ಮೇಜಿನ ಮೇಲಿತ್ತು. ಸಿಡುಕಪ್ಪ ಒಂದು ಹಣ್ಣು ತಿಂದ. ಆಮೇಲೆ ಎರಡನೆಯದನ್ನು ಕೈಗೆ ತೆಗೆದುಕೊಂಡು, ಸಿಪ್ಪೆ ಬಿಡಿಸದೆ ಹಾಗೇ ಹಿಡಿದುಕೊಂಡು ಕೂತ. ಕಣ್ಣು ಆ ಕೈಯ ಮೇಲೇ ಇತ್ತು. ಬಡಿಯಲಿ, ಇನ್ನೊಂದೇ ಸಲ ಆ ಮೂರು ಬಡಿಯಲಿ, ಈಗಲೇ ಕೆಳಗಿಡುತ್ತೇನೆ ಎಂದು ಅವನ ಮನಸ್ಸು ಕೇಳಿಕೊಂಡಿತು. ಬಾಯಿಬಿಟ್ಟು ಹೇಳಲು ಮಾತ್ರ ನಾಲಿಗೆ ಹೊರಳಲಿಲ್ಲ.

ಮೈದುನ ಊಟ ಮುಗಿಸಿದ, ತಟ್ಟೆ ಎತ್ತಿಕೊಂಡ, ಕೈ ತೊಳೆಯಲು ಎದ್ದುಹೋದ. ಸಿಡುಕಪ್ಪ ಎರಡನೆಯದನ್ನು ತಿಂದ. ಮೂರನೆಯದನ್ನೂ ತಿಂದ. ಯಾರೂ ಬಡಿಯಲಿಲ್ಲ.